ಅಂಚೆ ಎಂ.ಎ.ಯ ವರ್ಷಫಲ

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ. ಆ ಹಲ್ಲಿ ನಾನೇ. ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಉಡುಪಿ ಕಡೆಯವನು ನಾನೊಬ್ಬನೇ. ಉಡುಪಿಯವನೆಂದರೆ ಒಂದೋ ಅಡುಗೆ ಬರಬೇಕು, ಇಲ್ಲವೇ ಪಂಚಾಂಗ ಬರಬೇಕು ಎಂದು ಸಹೋದ್ಯೋಗಿಗಳ ನಂಬಿಕೆ. ನನಗೆ ನೀರು ಕಾಯಿಸಲೂ ಬಾರದೆಂದು ತಿಳಿದ ಮೇಲೆ ಪಂಚಾಂಗವನ್ನು ನನ್ನ ತಲೆಗೆ ಕಟ್ಟಿದರು. ಅಂದಿನಿಂದ ಪ್ರತಿ ಹೊಸವರ್ಷದ ಚಹಾಕೂಟದಲ್ಲಿ ವರ್ಷಫಲ ಓದುವವನು ನಾನು.

ಈ ಸಲ ಅಂಚೆಯಲ್ಲಿ ಪದವಿ ಹಂಚುವ ವಿಶ್ವವಿದ್ಯಾಲಯಗಳನ್ನು ಹಿಡಿದುಕೊಂಡೆ. ಪತ್ರಿಕೆ ಬಿಡಿಸಿದರೆ ಅವುಗಳದೇ ಜಾಹೀರಾತು, ನೋಡಿ ನೋಡಿ ರೇಗಿಹೋಗಿತ್ತು. "ಈ ವರ್ಷ ಮಾರ್ಚಿನಲ್ಲಿ ಫಲಿತಾಂಶ, ಏಪ್ರಿಲಿನಲ್ಲಿ ಪರೀಕ್ಷೆ. ಶನಿಯ ವಕ್ರದೃಷ್ಟಿಯಿಂದ ಕೆಲವರಿಗೆ ಎಂ.ಎ. ತಪ್ಪಬಹುದು, ಅಂಥವರು ಪಿಎಚ್.ಡಿ.ಯಲ್ಲೇ ತೃಪ್ತಿಪಡಬೇಕು. ವರ್ಷಾಂತ್ಯಕ್ಕೆ ಪೋಸ್ಟ್‌ಮ್ಯಾನನಿಗೆ ಕುಲಪತಿ ಯೋಗ" ಎಂದು ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳೊಂದಿಗೆ ಬಂದಿದ್ದ ನನ್ನ ಹೆಂಡತಿ ಶೈಲಾ ಮಾತ್ರ ಕೈಯಲ್ಲಿದ್ದ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿಯನ್ನು ಮರಳಿ ತಟ್ಟೆಗೆ ಹಾಕಿದಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೇಳಿದಳು: "ಅಲ್ಲ ಮಾರಾಯ್ರೆ, ನನ್ನದೂ ಅಂಥದ್ದೇ ಯೂನಿವರ್ಸಿಟಿಯಾ?"

ಅಂಥದ್ದೇ. ಶೈಲಾ ಒಂದು ಶಾಲೆಯಲ್ಲಿ ಹಂಗಾಮಿ ಟೀಚರು. ಈ ವರ್ಷದ ಜೂನಿನೊಳಗೆ ಎಂ.ಎ. ಆಗದಿದ್ದರೆ ಕೆಲಸ ಇನ್ನೊಬ್ಬರಿಗೆ ಎಂದು ಹೆಡ್‌ಮಿಸ್ಟ್ರೆಸ್ ಎರಡು ವರ್ಷದ ಹಿಂದೆಯೇ ಹೇಳಿದ್ದರು. ಆಗಲೇ ಸಂಜೆ ಕಾಲೇಜಿಗೆ ಸೇರುತ್ತೇನೆಂದು ಹೊರಟವಳನ್ನು ತಡೆದು, ಜಾಹೀರಾತು ಕತ್ತರಿಸಿ, ಫಾರ್ಮ್ ತುಂಬಿ, "ಮನೆಯಲ್ಲೇ ಕೂತು ಓದು" ಎಂದವನು ನಾನು. ನಿಜ ಹೇಳಿಬಿಡುತ್ತೇನೆ, ನನಗಿದ್ದದ್ದು ಸಂಜೆಯ ದೋಸೆಯ ಚಿಂತೆ. ಆಮೇಲೆ ನಾಲ್ಕನೆಯ ಪಾಠ ಮೂರು ಸಲ ಬಂತು, ಐದನೆಯದು ಬರಲೇ ಇಲ್ಲ. ಅವಳು ಇನ್ನೂ ಬರೆಯದ ಉತ್ತರಗಳಿಗೂ 'ಬಹಳ ಚೆನ್ನಾಗಿದೆ' ಎಂದು ಷರಾ ಬಂತು. ನಾನು ವರ್ಷಫಲಕ್ಕೆ ಸರಕು ಸಿಕ್ಕಿತೆಂದು ನಕ್ಕೆನೇ ಹೊರತು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದುತ್ತಿದ್ದವಳ ಮುಖ ನೋಡಲಿಲ್ಲ.

ಮುಂದಿನ ಶನಿವಾರ ರೈಲು ಹತ್ತಿ ಕೊಚ್ಚಿಗೆ ಹೋದೆವು. ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರ ಇದ್ದದ್ದು ವೈಟ್ಟಿಲದ ಟೈರ್ ಅಂಗಡಿಯ ಮಹಡಿಯಲ್ಲಿ. ಬೀಗ. "ಅವರು ಪೋಯಿ ಸಾರೇ, ತಿರುವನಂತಪುರಕ್ಕೆ" ಎಂದು ಟೈರ್ ಅಂಗಡಿಯಣ್ಣ ಒಂದು ವಿಳಾಸ ಕೊಟ್ಟ. ನೋಡಿದರೆ ನಮ್ಮ ಪಟ್ಟಂ! ನನ್ನ ಕಚೇರಿಯ ಎದುರಿನ ಎಸ್.ಟಿ.ಡಿ. ಬೂತಿನ ಮೇಲಿನ ಕೋಣೆ. ದಿನಾ ನಾನು ಚಹಾ ಕುಡಿಯುವುದು ಅದರ ಕೆಳಗೇ. ಮರಳಿ ಬಂದು ಮೆಟ್ಟಿಲು ಹತ್ತಿದರೆ ಅಲ್ಲಿಯೂ ಬೀಗ. ಬಾಗಿಲ ಮೇಲೆ ಚೀಟಿ: 'ವಿಚಾರಣೆಗೆ ವೈಟ್ಟಿಲ ಕಚೇರಿಯನ್ನು ಸಂಪರ್ಕಿಸಿ.' ಶೈಲಾ ಮೆಟ್ಟಿಲ ಮೇಲೇ ಕೂತು, "ಎರಡು ವರ್ಷ ಓದಿದ್ದೆನಲ್ಲ" ಎಂದು ಅತ್ತುಬಿಟ್ಟಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸೋಮವಾರ ಅವಳೇ ತನ್ನ ನೋಟುಪುಸ್ತಕಗಳನ್ನೆಲ್ಲ ಹೊತ್ತು ಹೆಡ್‌ಮಿಸ್ಟ್ರೆಸ್ ಮುಂದಿಟ್ಟಳು. ಅವರು ಒಂದೊಂದನ್ನೂ ತಿರುವಿ ನೋಡಿ, "ಓದಿದ್ದು ನಿಜ, ಕಾಲೇಜು ಸುಳ್ಳು. ನಿಜವಾದ ಕಾಲೇಜಿಗೆ ಸೇರಿ ಟೀಚರ್, ನಾನು ಕಾಯುತ್ತೇನೆ" ಎಂದರಂತೆ. ಜೂನಿನಿಂದ ಅವಳಿಗೆ ಸಂಜೆ ಕಾಲೇಜು. ಈ ಸಲ ಫಾರ್ಮ್ ಅವಳೇ ತುಂಬಿದಳು.

ಈಗ ನಮ್ಮ ಮನೆಯಲ್ಲಿ ದೂರಶಿಕ್ಷಣದ ವಿದ್ಯಾರ್ಥಿ ನಾನು. 'ಪಾಠ ಒಂದು: ಕಾವಲಿ ಕಾಯುವ ಮೊದಲು ಹಿಟ್ಟು ಹೊಯ್ಯಬಾರದು' ಎಂದು ಶೈಲಾ ಬರೆದು ಗೋಡೆಗೆ ಅಂಟಿಸಿ ಕಾಲೇಜಿಗೆ ಹೋಗುತ್ತಾಳೆ. ಪಾಠಗಳು ಕ್ರಮವಾಗಿಯೇ ಬರುತ್ತವೆ. ದೂರಲು ಏನೂ ಇಲ್ಲ. ಪರೀಕ್ಷಕಿ ನನ್ನ ಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುವವಳು. ನಿನ್ನೆ ದೋಸೆಯ ಅಂಚೆತ್ತಿ ನೋಡಿ, "ಅಪ್ಪಾ, ಇದುಂ ಕರಿಞ್ಞು" ಎಂದು ಫಲಿತಾಂಶ ಪ್ರಕಟಿಸಿದಳು. ಹೊಗೆ ನೋಡಿದರೆ ಅನುವಾದ ಬೇಕಿರಲಿಲ್ಲ. ಹೊಯ್ಯದ ದೋಸೆಗೂ 'ಬಹಳ ಚೆನ್ನಾಗಿದೆ' ಎಂದು ಬರೆದು ಕಳಿಸಬಲ್ಲ ಆ ವಿಶ್ವವಿದ್ಯಾಲಯದ ಈಗಿನ ವಿಳಾಸ ಯಾರಿಗಾದರೂ ಗೊತ್ತಿದ್ದರೆ, ದಯವಿಟ್ಟು ಶೈಲಾಳಿಗೆ ತಿಳಿಯದಂತೆ ನನಗೊಂದು ಕಾರ್ಡು ಹಾಕಿ.