ಗೋಡೆಯ ಮೂಲಕ ಕೇಳಿಸಿದ್ದನ್ನು ವೈರ್‌ಲೆಸ್ ಎಂದು ಪರಿಗಣಿಸುವ ಬಗ್ಗೆ

ತುರ್ತು ಸಂಪರ್ಕ ಇಲಾಖೆ
ಸಂಖ್ಯೆ: ತುಸಂ/ಮೌನ/೧೭/ಪರಿಷ್ಕೃತದ ಪರಿಷ್ಕೃತ

ವಿಷಯ: ಪ್ರಸಾರ ನಿರ್ಬಂಧಿತ ವಲಯದಲ್ಲಿ ತುರ್ತು ವೈರ್‌ಲೆಸ್ ಸೆಟ್ಟುಗಳನ್ನು ಮೇಲ್ದರ್ಜೆಗೇರಿಸಿರುವ ಕುರಿತು.

ಉಲ್ಲೇಖ:
(ಅ) ಕಿರಿಯ ವೈರ್‌ಲೆಸ್ ನಿರ್ವಾಹಕಿಯ ಖಾಸಗಿ ದಿನಚರಿಯ ಹಾಳೆ. ಹೊಸ ಸೆಟ್ಟಿನ ಪರೀಕ್ಷಾ ವರದಿಯ ಜೊತೆ ಕಣ್ತಪ್ಪಿನಿಂದ ಪಿನ್ ಆಗಿ ಬಂದಿದ್ದು, ಹಿಂದಿರುಗಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಸಾರಾಂಶ: "ಇವತ್ತೂ 'ಕೇಳಿಸಿತು' ಅಂತಲೇ ಬರೆದೆ. ಕೇಳಿಸಿದ್ದೇನೋ ನಿಜ. ಸೆಟ್ಟಿನಿಂದಲೋ, ಗೋಡೆಯಿಂದಲೋ? ಕೇಳೋಣ ಅಂದರೆ ಬಾಯೇ ಬರುವುದಿಲ್ಲ."
(ಆ) ಸದರಿ ವಲಯದ ನಡುವೆ ನಕ್ಷತ್ರಗಳ ರೇಡಿಯೋ ಸದ್ದು ಆಲಿಸುವ ಕೇಂದ್ರದ ದೂರು: "ನಿಮ್ಮ ಆಂಬುಲೆನ್ಸ್ ಚಾಲಕ ವೈರ್‌ಲೆಸ್‌ನಲ್ಲಿ ಕೆಮ್ಮಿದ್ದನ್ನು ಹೊಸ ನಕ್ಷತ್ರವೆಂದು ಮೂರು ದಿನ ಅಧ್ಯಯನ ಮಾಡಿದೆವು."

ಮೇಲ್ಕಂಡವನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಸಂಬಂಧಪಟ್ಟವರ ಕಿವಿಗೆ ಹಾಕಲಾಗಿದೆ:

೧. ಆಲಿಸುವ ಕೇಂದ್ರಕ್ಕೆ ತೊಂದರೆಯಾಗದಂತೆ ಹೊಸ ಸೆಟ್ಟುಗಳ ಶಕ್ತಿಯನ್ನು ಏಳು ಬಾರಿ ಇಳಿಸುವ ಮೂಲಕ ಮೇಲ್ದರ್ಜೆಗೇರಿಸಲಾಗಿದೆ. ಪ್ರತಿದಿನ ಹತ್ತು ಗಂಟೆಗೆ ಅಧೀಕ್ಷಕರು ತಮ್ಮ ಕೋಣೆಯಲ್ಲಿ ಗುಂಡಿ ಒತ್ತಿ, "ಹಲೋ, ಕೇಳಿಸ್ತೇನಮ್ಮಾ?" ಎಂದು ಕತ್ತಿನ ನರ ಉಬ್ಬುವಂತೆ ವಿಚಾರಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಕಿರಿಯ ನಿರ್ವಾಹಕಿಯು "ಕೇಳಿಸಿತು" ಎಂದು ಬರೆದುಕೊಳ್ಳುತ್ತಾಳೆ. ನಲವತ್ತೊಂದು ದಿನಗಳಿಂದ ಪರೀಕ್ಷೆ ಯಶಸ್ವಿಯಾಗಿರುತ್ತದೆ.

೨. ಗೋಡೆಯು ಇಲಾಖೆಯ ಸ್ವತ್ತು. ಆದುದರಿಂದ ಗೋಡೆಯ ಮೂಲಕ ಕೇಳಿಸಿದ್ದೂ ಇಲಾಖೆಯ ಮೂಲಕವೇ ಕೇಳಿಸಿದ್ದೆಂದು ತೀರ್ಮಾನಿಸಲಾಗಿದೆ. ಉಲ್ಲೇಖ (ಅ)ರ ಚಿಂತೆಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

೩. ಗುಡ್ಡದಾಚೆಯ ಆರೋಗ್ಯ ಕೇಂದ್ರದ ನರ್ಸಮ್ಮನವರು ಹೊಸ ಸೆಟ್ಟಿನಲ್ಲಿ ಒಮ್ಮೆಯೂ ಉತ್ತರಿಸದೆ ಮೌನ ಪಾಲಿಸಿರುವುದನ್ನು ಪ್ರಶಂಸಿಸಲಾಗಿದೆ. ಸದರಿಯವರು ಬಸ್ಸು ಹತ್ತಿ ಬಂದು, "ಈ ಡಬ್ಬಿ ಇಟ್ಕೊಂಡು ಏನ್ ಮಾಡ್ಲಿ ಸ್ವಾಮಿ? ಇದಕ್ಕಿಂತ ನಾನು ಕಿಟಕಿ ತೆಗೆದು ಕೂಗೋದೇ ವಾಸಿ!" ಎಂದದ್ದು ವೈರ್‌ಲೆಸ್ ಮೂಲಕ ಸ್ವೀಕೃತವಾಗದ ಕಾರಣ ಪರಿಗಣಿಸಲು ಬರುವುದಿಲ್ಲ.

೪. ಪ್ರಸಾರ ಮಾಡಬಯಸುವವರು ಮೊದಲು ಅನುಮತಿ ಪಡೆಯತಕ್ಕದ್ದು. ಅನುಮತಿಯನ್ನು ವೈರ್‌ಲೆಸ್ ಮೂಲಕ ಮಾತ್ರ ಕೋರತಕ್ಕದ್ದು. ಅನುಮತಿ ಸಿಗುವವರೆಗೆ ವೈರ್‌ಲೆಸ್ ಮುಟ್ಟತಕ್ಕದ್ದಲ್ಲ.

೫. ಬೆಂಕಿ ಅನಾಹುತದ ವರದಿಯಲ್ಲಿ "ಅಯ್ಯೋ" ಎಂಬುದನ್ನು ಒಂದು ಸಲಕ್ಕೆ ಸೀಮಿತಗೊಳಿಸಲಾಗಿದೆ. "ಅಯ್ಯಯ್ಯೋ" ಎಂಬುದನ್ನು ಎರಡೆಂದು ಲೆಕ್ಕ ಹಾಕಲಾಗುವುದು. ಕೆಮ್ಮನ್ನು ಬರಹದಲ್ಲಿ ಕಳಿಸಬಹುದು.

೬. ಕಿರಿಯ ನಿರ್ವಾಹಕಿಯ ಅಕ್ಕ ತುಂಬು ಗರ್ಭಿಣಿಯಾಗಿದ್ದು, ಇದೇ ವಾರ ಹೆರಿಗೆಗೆಂದು ಸದರಿ ಆರೋಗ್ಯ ಕೇಂದ್ರದಲ್ಲಿ ದಾಖಲಾಗಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಆಂಬುಲೆನ್ಸ್ ಬೇಕಾಗುವ ಪ್ರಮೇಯ ಬಂದಲ್ಲಿ, ಸದರಿ ಅಕ್ಕನವರು ನೋವು ಕಾಣಿಸಿಕೊಳ್ಳುವ ಎರಡು ಕೆಲಸದ ದಿನಗಳ ಮುಂಚಿತವಾಗಿ ತಿಳಿಸತಕ್ಕದ್ದು. ಮಗುವಿನ ಮೊದಲ ಅಳುವಿಗೆ ವಿನಾಯಿತಿ ನೀಡುವ ವಿಷಯ ಪರಿಶೀಲನೆಯಲ್ಲಿದೆ.

೭. ಹಳೆಯ ಸೆಟ್ಟಿಗೆ ಗುಡ್ಡದಾಚೆಗೂ ಕೇಳಿಸುವ ದುರಭ್ಯಾಸವಿರುವುದರಿಂದ, ಅದನ್ನು ಇಂದು ಹಾಜರಿಯ ನಂತರ ಕಳಚಿ ಸೀಲ್ ಮಾಡಲಾಗುವುದು. ಅದಕ್ಕೂ ಮುನ್ನ ಕಿರಿಯ ನಿರ್ವಾಹಕಿಯು ಈ ಸುತ್ತೋಲೆಯನ್ನು ಸಿಬ್ಬಂದಿಯೆದುರು ಓದಿ, "ಹೊಸ ಸೆಟ್ಟು ಕೇಳಿಸುತ್ತಿದೆ" ಎಂದು ಬಾಯಿಬಿಟ್ಟು ದೃಢೀಕರಿಸತಕ್ಕದ್ದು. ದೃಢೀಕರಿಸದಿದ್ದಲ್ಲಿ ಹಳೆಯ ಸೆಟ್ಟನ್ನು ಕದಲಿಸುವಂತಿಲ್ಲ. ಆದರೆ ಆಕೆ ಯಾವುದಕ್ಕೂ "ಇಲ್ಲ" ಎಂದದ್ದನ್ನು ಕಚೇರಿಯಲ್ಲಿ ಇದುವರೆಗೆ ಯಾರೂ ಕೇಳಿಲ್ಲವಾದ್ದರಿಂದ, ಸೀಲಿನ ಅರಗನ್ನು ಈಗಾಗಲೇ ಕಾಯಲು ಇಡಲಾಗಿದೆ.

ಸಹಿ/- (ಓದಲು ಬಾರದು)
ಅಧೀಕ್ಷಕರು

ಪ್ರತಿಗಳು:
೧. ಆಲಿಸುವ ಕೇಂದ್ರಕ್ಕೆ: ಆಲಿಸದಿರಲು ಕೋರಿ.
೨. ನರ್ಸಮ್ಮನವರಿಗೆ: ಹೊಸ ಸೆಟ್ಟಿನ ಮೂಲಕ. ತಲುಪದಿದ್ದರೆ ಅದೇ ಸೆಟ್ಟಿನ ಮೂಲಕ ತಿಳಿಸಲು.
೩. ನಡುಗೋಡೆಗೆ: ಎರಡೂ ಬದಿಗೆ ಅಂಟಿಸಲು.
೪. ಕಡತಕ್ಕೆ: ಕೆಳಕಂಡ ಷರಾದೊಂದಿಗೆ.

ಷರಾ: ಸುತ್ತೋಲೆಯನ್ನು ಹಾಜರಿಯ ವೇಳೆ ಓದಲಾಯಿತು. ಏಳನೆಯ ಕಲಮಿನ ನಂತರ ಕಿರಿಯ ನಿರ್ವಾಹಕಿಯು ಹೊಸ ಸೆಟ್ಟನ್ನು ಅಧೀಕ್ಷಕರ ಮೇಜಿನ ಮೇಲಿಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳಿದ್ದು ಆಚೆ ಬೀದಿಯವರೆಗೂ ಕೇಳಿಸಿರುತ್ತದೆ:

"ಇಲ್ಲ ಸರ್. ಇದರಲ್ಲಿ ಒಂದು ದಿನಾನೂ ಏನೂ ಕೇಳಿಸಿಲ್ಲ."