ಮಿಲಿಟರಿ ಒಯ್ದ ಪಂಚು

ನಮ್ಮಣ್ಣ ಹೆಣ್ಣು ನೋಡಲು ಔರಾದಕ್ಕೆ ಹೋದವನು ಒಂದು ಬಸಿ ಚಹಾ ಆರುವುದರೊಳಗೆ ಒಪ್ಪಿಬಿಟ್ಟ. ಆದರೆ ಒಂದು ಸೆಂಟರ್ ಪಂಚು ಆರಿಸಲು ಅವನಿಗೆ ಮೂರು ದಿನ ಬೇಕಾಯಿತು! ಈ ಮಾತನ್ನು ಈಗ ನಮ್ಮ ವೈನಿಯಾದ ಆ ಹೆಣ್ಣಿನ ಮುಂದೆ ಮಾತ್ರ ಎತ್ತಬೇಡಿ.

ಅಣ್ಣನದು ಭಾಲ್ಕಿಯಲ್ಲಿ ಟ್ರಂಕು ಮಾಡುವ ಅಂಗಡಿ. ತಗಡಿಗೆ ತೂತು ಕೊರೆಯುವ ಮೊದಲು ಅಲ್ಲೊಂದು ಚುಕ್ಕಿಯಷ್ಟು ಗುಣಿ ಬೀಳಿಸಬೇಕು. ಇಲ್ಲವಾದರೆ ಕೊರೆಯುವ ಬರ್ಮಾದ ಮೊನೆ ಜಾರಿ ಎಲ್ಲೆಲ್ಲೋ ಓಡುತ್ತದೆ. ಊರಿನವರೆಲ್ಲ ಪಂಚಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ನಮ್ಮಣ್ಣನಿಗೆ ಸುತ್ತಿಗೆಯೇ ಬೇಡದ ಪಂಚು ಬೇಕಿತ್ತು. ಒತ್ತಿದರೆ ಸಾಕು, ಒಳಗಿನ ಸ್ಪ್ರಿಂಗು ತಾನೇ 'ಟಕ್' ಎಂದು ಹೊಡೆಯಬೇಕು!

ಬೀದರದ ಅಂಗಡಿಯೊಂದರಲ್ಲಿ ಅಂಥವು ನಾಲ್ಕಿದ್ದವು. ತಂಗಿಯಾದ ನಾನೂ ಜೊತೆಗೆ ಹೋಗಿದ್ದೆ. ಮೊದಲು ಗಾಜಿನ ಮೇಲೆ ಉರುಳಿಸಿದ; ಡೊಂಕಾದದ್ದು ಅಲ್ಲೇ ನಪಾಸು. ಬೆವರಿದ ಕೈಯಲ್ಲಿ ಜಾರುತ್ತದೋ ನೋಡಬೇಕೆಂದು ಅಂಗಡಿಯ ಸುತ್ತ ಎರಡು ಸಲ ಓಡಿಬಂದ! ಕೊನೆಗೆ ಮೂರನೆಯ ದಿನ ಕಬ್ಬಿಣದ ಮೇಲೆ ಹತ್ತು ಸಲ ಒತ್ತಿ, ಹತ್ತೂ ಗುಣಿ ಒಂದೇ ಆಳ ಇವೆಯೋ ಎಂದು ಒಂದೊಂದರಲ್ಲಿ ಒಂದೊಂದು ಸಾಸಿವೆ ಕೂಡಿಸಿದ.

"ಅದು ನನ್ನ ಗಲ್ಲಾಪೆಟ್ಟಿಗಿ ಅದರಿ!" ಅಂಗಡಿಯವರು ಚೀರಿದರು.

"ಹೌದ್ರಿ ಸೇಠಜಿ, ಭಾಳ ಗಟ್ಟಿ ಅದ."

"ಹೆಣ್ಣ ಕೊಡೋರೂ ಇಷ್ಟು ನೋಡಂಗಿಲ್ರಿ. ಒಯ್ರಿ, ಕೈ ಮುಗಿತೀನಿ!"

ಮನೆಗೆ ಬಂದ ಮೇಲೆ ಕೇಳಬೇಕೆ? ತಾಟು, ತಂಬಿಗೆ, ಕೊಡ, ಎಲ್ಲದರ ಮೇಲೂ ಚುಕ್ಕಿ ಕೂಡಿಸಿ ವೈನಿಯ ಹೆಸರು.

"ಭಾಂಡ್ಯಾಕ ಹಾಕಿದ್ರಿ, ಇರ್ಲಿ. ಹಂಚಿಗಿ ಯಾಕ್ರಿ ಹಾಕಿದ್ರಿ?"

"ರೊಟ್ಟಿ ಮ್ಯಾಲೂ ನಿನ್ನ ಹೆಸರ ಮೂಡ್ಲಿ ಅಂತ!"

ಇಷ್ಟರಲ್ಲಿ ನಿಜಾಮನ ಆಳ್ವಿಕೆ ಮುಗಿಸಲು ಮಿಲಿಟರಿ ಬಂತು, ಪೊಲೀಸ್ ಆಕ್ಷನ್ ಆಯಿತು. ಮನೆಯಲ್ಲಿ ಬಂದೂಕು, ಕತ್ತಿಯಂಥ ಹತಿಯಾರ ಇದ್ದವರು ತಂದೊಪ್ಪಿಸಬೇಕೆಂದು ಡಂಗುರ ಹೊಡೆದರು. ಆ ದಿನ ಅಣ್ಣ ಔರಾದದ ಮಾವನ ಮನೆಗೆ ಹೋಗಿದ್ದ. ವೈನಿ ಹಿತ್ತಲಲ್ಲಿದ್ದರು. ಸಿಪಾಯಿಗಳು ನಮ್ಮ ಓಣಿಗೆ ಬಂದರು. ನನಗೆ ಆಗ ಹನ್ನೆರಡು ವರ್ಷ, ಸಾಲೆಯಲ್ಲಿ ಎರಡು ಇಯತ್ತೆ ಕಲಿತ ಬುದ್ಧಿ. ಹೊಳೆಯುವ ಉಕ್ಕು, ಒತ್ತಿದರೆ ಟಕ್ಕೆನ್ನುತ್ತದೆ; ಸಿಪಾಯಿಯ ಕಣ್ಣಿಗೆ ಬಂದೂಕಲ್ಲದೆ ಮತ್ತೇನು! ಓಡಿಹೋಗಿ ಅಣ್ಣನ ಪಂಚನ್ನು ಅಂಗಳದ ಬಾವಿಗೆ ಒಗೆದುಬಿಟ್ಟೆ.

ಸಿಪಾಯಿ ಬಂದ. ನೀರು ಕೇಳಿದ. ಅದೇ ಬಾವಿಯ ನೀರು ಕುಡಿದು, ಕೈ ಮುಗಿದು ಹೋದ!

ಅಣ್ಣ ಬಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಇಷ್ಟೇ: "ಮಿಲಿಟರಿಯವ್ರು ಒಯ್ದ್ರಣ್ಣ."

ಬೈಯುತ್ತಾನೆಂದುಕೊಂಡೆ. ಅವನ ಎದೆ ಉಬ್ಬಿತು! "ನೋಡು! ಛಲೋ ಪಂಚು ಯಾವುದು ಅಂತ ಮಿಲಿಟರಿಯವ್ರಿಗೂ ಗೊತ್ತಾತು!" ಟ್ರಂಕು ಕೊಳ್ಳಲು ಬಂದವರಿಗೆಲ್ಲ ಅದೇ ಕಥೆ. ವರ್ಷಕ್ಕೊಂದು ಹೊಸ ಪಂಚು ತರುವನು, ಎಂಟು ದಿನ ಕಿವಿಗೆ ಹಿಡಿದು ಒತ್ತುವನು, "ಆ ಟಕ್ ಇದರಾಗ ಇಲ್ಲ" ಎಂದು ಮೂಲೆಗಿಟ್ಟು ಮತ್ತೆ ಸುತ್ತಿಗೆ ಹಿಡಿಯುವನು. ಊರು ನಗುತ್ತಿತ್ತು. ನಾನೂ ನಗುತ್ತಿದ್ದೆ, ನೋಡಿ! ನಿಜ ಹೇಳಬೇಕೆಂದು ಪ್ರತಿ ಸಲವೂ ಬಾಯಿ ತೆರೆದೆ. ಪ್ರತಿ ಸಲವೂ ಚಹಾ ಬೇಕೇನೆಂದು ಕೇಳಿ ಎದ್ದೆ.

ಏಳು ವರ್ಷ ಹೀಗೇ ಹೋಯಿತು, ನಡುವೆ ನನ್ನ ಮದುವೆಯೂ ಆಯಿತು. ನಾನು ತವರಿಗೆ ಬಂದಿದ್ದ ಒಂದು ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸಿದರು. ಎರಡನೆಯ ಬುಟ್ಟಿಯಲ್ಲೇ ಅದು ಬಂತು. ಅಣ್ಣ ಕೆಸರನ್ನು ಧೋತರಕ್ಕೆ ಒರೆಸಿ, ಕಿವಿಗೆ ಹಿಡಿದು ಒತ್ತಿದ. ತುಕ್ಕು, ಸದ್ದಿಲ್ಲ. ಆಮೇಲೆ ನನ್ನ ಮುಖ ನೋಡಿದ. ನಾನು ಬಾವಿಯ ಅಂಚಿನಲ್ಲೇ ನಿಂತಿದ್ದೆ.

"ಏನ್ರಿ ಅದು?" ಎಂದು ಕೆಳಗಿನಿಂದ ಹೂಳು ತೆಗೆಯುವವರು ಕೂಗಿದರು.

"ನನ್ನ ಪಂಚು! ಮಿಲಿಟರಿಯವ್ರಿಗಿ ಒಯ್ಯಲಾಕ ಮನಸ ಬಂದಿಲ್ಲ ನೋಡ್ರಿ, ಇಲ್ಲೇ ಇಟ್ಟು ಹೋಗ್ಯಾರ."

ಹಾಗೆಂದವನೇ ನನ್ನ ಸೆರಗು ಹಿಡಿದು ಹಿಂದಕ್ಕೆಳೆದ. "ಇತ್ತ ಬಾ ತಂಗಿ. ಕೆಸರದ ಅಲ್ಲಿ, ಜಾರ್ತಿ."