ಗೆರೆಯ ಹೊರಗಿನ ಲಂಡನ್ನು

“ಗೈಡು? ಇಂವಾ? ಅಯ್ಯ ಉಮಾಶಂಕರ, ನಿನಗ ಬ್ಯಾರೆ ಯಾರೂ ಸಿಗಲಿಲ್ಲೇನು? ಒಂಬತ್ತನೇ ಕ್ಲಾಸಿನ್ಯಾಗ ನಕಾಶೆ ಕೊಟ್ಟು ಲಂಡನ್ ಎಲ್ಲೈತಿ ತೋರಸಪಾ ಅಂದ್ರ, ಸಮುದ್ರದ ನಡಬರಕ ಚುಕ್ಕಿ ಇಟ್ಟಾಂವ ಇಂವ! ಅವತ್ತ ಮುಳುಗಿಸಿದ ಊರನ್ನ ಇವತ್ತ ಏನ ತೋರಸ್ತಾನ?”

ಮಹಾಲಿಂಗಪ್ಪ ಮಾಸ್ತರು ಇಷ್ಟನ್ನೂ ಹೇಳಿದ್ದು ಹನ್ನೆರಡು ಜನರೆದುರು. ವಿಜಾಪುರದ ಕಡೆಯಿಂದ ಮೊನ್ನೆಯಷ್ಟೇ ಬಂದಿಳಿದ ಪ್ರವಾಸಿಗಳು. ಲಂಡನ್ನಿನ ಅಂಚಿನ ಫೆಲ್ಥಮ್ಮಿನಲ್ಲಿ ಕೋಳಿ ಕರಿಯುವ ಅಂಗಡಿಯೊಂದರ ಮೇಲಿರುವ ಉಮಾಶಂಕರನ ಟ್ರಾವೆಲ್ಸ್ ಆಫೀಸಿನಲ್ಲಿ ಸ್ವೆಟರು ಏರಿಸಿ, ಕೋಳಿಯ ವಾಸನೆಗೆ ಮೂಗಿಗೆ ಸೆರಗು, ಟವೆಲು ಹಿಡಿದು ಚಹಾ ಕುಡಿಯುತ್ತಿದ್ದರು. ಹನ್ನೆರಡೂ ಜನ ನಕ್ಕರು. ಒಬ್ಬರಿಗಂತೂ ಚಹಾ ನೆತ್ತಿಗೇರಿತು.

ಸಂಗಮೇಶನ ಕಿವಿಗಳು ರೊಟ್ಟಿ ಸುಡಬಹುದಾದಷ್ಟು ಕಾದವು. ಭೂಮಿ ಎಷ್ಟೊಂದು ದೊಡ್ಡದಿದೆ. ಆದರೂ ಒಂಬತ್ತನೇ ಕ್ಲಾಸಿನಲ್ಲಿ ಫೇಲು ಮಾಡಿ ಶಾಲೆ ಬಿಡಿಸಿದ ಮಾಸ್ತರು, ರಿಟೈರಾಗಿ ಮಗಳ ಮನೆ ಅಂತ ಬಂದು ಕೂತದ್ದು ಇದೇ ಫೆಲ್ಥಮ್ಮಿನಲ್ಲಿ! ದಿನಾ ಬೆಳಿಗ್ಗೆ ಪುಕ್ಕಟೆ ಚಹಾಕ್ಕೆ ಉಮಾಶಂಕರನ ಆಫೀಸಿಗೆ ಹಾಜರು.

ಸಂಗಮೇಶ ಆರು ವರ್ಷದಿಂದ ಏರ್‌ಪೋರ್ಟಿನಲ್ಲಿ ಟ್ರಾಲಿ ದೂಡುತ್ತಿದ್ದ. ಜನ ಎಲ್ಲೆಂದರಲ್ಲಿ ಬಿಟ್ಟುಹೋದ ಟ್ರಾಲಿಗಳನ್ನು ದನ ಕೂಡಿಹಾಕಿದಂತೆ ಕೂಡಿಹಾಕಿ, ಒಂದರ ಬೆನ್ನಿಗೊಂದು ಸಿಕ್ಕಿಸಿ, ಮಳೆಯಲ್ಲಿ ದೂಡುವುದು. ಊರಿಗೆ ಬಂದವರೆಲ್ಲ ಅವನೆದುರೇ ಇಳಿಯುತ್ತಿದ್ದರು, ಒಬ್ಬರೂ ಅವನ ಮುಖ ನೋಡುತ್ತಿರಲಿಲ್ಲ. ಈಗ ಉಮಾಶಂಕರನ ಗೈಡು ಕೆಲಸ ಬಿಟ್ಟು ಹೋಗಿದ್ದ. ಹತ್ತು ಮಂದಿ ತನ್ನ ಬಾಯನ್ನೇ ನೋಡುತ್ತ ನಿಲ್ಲುವ ಕೆಲಸ! ಅದಕ್ಕಾಗಿ ಸಂಗಮೇಶ ಒಂದು ತಿಂಗಳಿಂದ, ಕಾಲು ಹಿಡಿಯುವುದೊಂದು ಬಾಕಿ, ಉಳಿದದ್ದೆಲ್ಲ ಮಾಡಿದ್ದ.

“ಇವತ್ತೊಂದಿನ ಟ್ರಯಲ್ ಕಣಪ್ಪ,” ಅಂದ ಉಮಾಶಂಕರ. “ಸಾಯಂಕಾಲ ಇವರು ಖುಷಿಯಾಗಿದ್ರೆ ಕೆಲಸ ನಿಂದು. ಆದ್ರೆ ವ್ಯಾನು ಗೆರೆ ಒಳಗೆ ಹೋಗೋ ಹಾಗಿಲ್ಲ.”

ಆ ವರ್ಷ ತಾನೇ ಲಂಡನ್ನಿನ ನಡುಭಾಗಕ್ಕೊಂದು ಗೆರೆ ಎಳೆದು, ದಾಟಿದ ಗಾಡಿಗೆಲ್ಲ ದಿನಕ್ಕೆ ಐದು ಪೌಂಡಿನ ಸುಂಕ ಹಾಕಿದ್ದರು. ರಾಣಿಯ ಅರಮನೆ, ದೊಡ್ಡ ಗಡಿಯಾರ ಎಲ್ಲ ಗೆರೆಯ ಒಳಗೆ.

“ಮದುವಿ ತೋರಸು, ಗಂಡು ಹೆಣ್ಣು ಬಿಟ್ಟು ಅಂದಂಗಾತಿದು!” ಅಂದರು ಮಾಸ್ತರು. “ತಡೀರಿ, ನಾನೂ ಬರ್ತೀನಿ. ದಾರಿ ತಪ್ಪಿದ್ರ ಪೊಲೀಸ್ರ ಕೂಡ ಇಂಗ್ಲಿಷ್‌ನ್ಯಾಗ ಮಾತಾಡಾಕ ಒಬ್ರು ಬೇಕಲ್ಲ.”

ಸಂಗಮೇಶ ಹಲ್ಲು ಕಚ್ಚಿದ. ಮಾಸ್ತರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ರಜೆ ಬಂದಾಗೆಲ್ಲ ಅವನು ಬಸ್ ಪಾಸು ಹಿಡಿದು, ಮಹಡಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಊರೆಲ್ಲ ಅಲೆಯುತ್ತಿದ್ದ. ಟಿಕೆಟ್ಟಿಲ್ಲದ, ಸಾಲು ಹಚ್ಚಬೇಕಿಲ್ಲದ ಲಂಡನ್ನು ಅವನಿಗೆ ಅಂಗೈಯಷ್ಟು ಗೊತ್ತಿತ್ತು. ಪುಸ್ತಕ ಓದಿದವರು ನೋಡದ ಲಂಡನ್ನು.

ವ್ಯಾನು ಮೊದಲು ನಿಂತದ್ದು ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ. ಕೆರೆಯ ದಂಡೆಯ ಮೇಲೆ ಕಾಂಕ್ರೀಟಿನ ಡೈನೋಸಾರುಗಳು, ಆನೆ ಗಾತ್ರದವು.

“ನೂರೈವತ್ತು ವರ್ಷದ ಹಿಂದ ಮಾಡಿದ್ದು ನೋಡ್ರಿ,” ಸಂಗಮೇಶ ಕೊಡೆ ಎತ್ತಿ ಸುರು ಮಾಡಿದ. “ಅವಾಗ ಸಿಕ್ಕಿದ್ದು ನಾಕೇ ನಾಕು ಎಲಬು. ಉಳಿದದ್ದೆಲ್ಲ ಅಂದಾಜು. ಆ ಮೂಗಿನ ಮ್ಯಾಲಿನ ಕೊಂಬೈತಲ್ರೀ, ಅದು ಖರೆ ಅಂದ್ರ ಕೊಂಬಲ್ಲ, ಹೆಬ್ಬೆಟ್ಟು!”

“ಹೆಬ್ಬೆಟ್ಟು ತಂದು ಮೂಗಿಗೆ ಹಚ್ಯಾರ?” ಮಾಸ್ತರು ಮುಂದೆ ಬಂದರು. “ಲೇ ಸಂಗ್ಯಾ, ಇದನ್ನ ಮಾಡಿದಾಂವ ಯಾವ ಬೆಂಚಿನ್ಯಾಗ ಕುಂದರ್ತಿದ್ದ? ನಿನ್ನ ಮಗ್ಗಲಕ್ಕೇನು? ನೋಡ್ರೆವಾ, ಹೆಬ್ಬೆಟ್ಟು ಎಲ್ಲಿಟ್ರೂ ಹೆಬ್ಬೆಟ್ಟ. ಮೂಗಿನ ಮ್ಯಾಲಿದ್ರೇನು, ಮುಂದ ಕೊಡಿ ಹಿಡಕೊಂಡು ನಿಂತಿದ್ರೇನು!”

ನಗೆಗೆ ಬಾತುಕೋಳಿಗಳು ಹಾರಿದವು. ಹತ್ತಿ ವ್ಯಾಪಾರಿ ಅಡಿವೆಪ್ಪನವರು ಹೊಟ್ಟೆ ಹಿಡಿದುಕೊಂಡು ಡೈನೋಸಾರಿನ ಬೇಲಿಗೆ ಒರಗಿದರು. ಸಂಗಮೇಶನೂ ಸೋಲಬಾರದೆಂದು ನಕ್ಕ. ಬೇವಿನ ಕಷಾಯ ಕುಡಿದು ನಗುವವರ ನಗೆ ಅದು.

ಅಲ್ಲಿಂದ ಫಾರೆಸ್ಟ್ ಹಿಲ್ಲಿನ ಮ್ಯೂಸಿಯಮ್ಮಿಗೆ. ನಡುಮನೆಯಲ್ಲೇ ಚರ್ಮಕ್ಕೆ ಹೊಟ್ಟು ತುಂಬಿ ನಿಲ್ಲಿಸಿದ ಒಂದು ವಾಲ್ರಸ್ಸು, ಎರಡು ದೊಡ್ಡ ಕೋರೆಯ ಸಮುದ್ರದ ಪ್ರಾಣಿ, ಎಮ್ಮೆಗಿಂತ ದೊಡ್ಡದು. ಮೈಮೇಲೆ ಒಂದು ಸುಕ್ಕಿಲ್ಲ, ಗಾಳಿ ತುಂಬಿದ ಟ್ಯೂಬಿನಂತೆ ಬಿಗಿದುಕೊಂಡಿದೆ.

“ಇದಕ ಮೈತುಂಬ ನೆರಿಗಿ ಇರಬೇಕಾಗಿತ್ರೀ,” ಅಂದ ಸಂಗಮೇಶ. “ಚರ್ಮ ಅಷ್ಟ ಬಂದಿತ್ತು. ತುಂಬಿದವರು ಈ ಪ್ರಾಣಿ ಕಣ್ಣಿಲೆ ಕಂಡಿದ್ದಿಲ್ಲ. ಎಷ್ಟು ಹಿಡೀತದೋ ಅಷ್ಟೂ ತುರುಕಿದ್ರು.”

“ಸಂಗ್ಯಾನ ಉತ್ತರಪತ್ರಿಕೆ ಹಿಂಗ ಇರ್ತಿತ್ತು,” ಅಂದರು ಮಾಸ್ತರು. “ಏನ ಬರೀಬೇಕು ಗೊತ್ತಿಲ್ಲ, ಹಾಳಿ ಮಾತ್ರ ತುಂಬಿತ್ತು! ಅಕ್ಬರನ ಬಗ್ಗೆ ಕೇಳಿದ್ರ ಆಕಳ ಬಗ್ಗೆ ಎರಡು ಪುಟ.”

ಅಡಿವೆಪ್ಪನವರ ಹೆಂಡತಿ ರತ್ನವ್ವ ಕಣ್ಣೊರೆಸಿಕೊಳ್ಳುತ್ತ, “ಖರೇನ ಆಕಳ ಬಗ್ಗೆ ಬರದಿದ್ಯೇನಪಾ?” ಅಂತ ಕೇಳಿದರು. ಖರೇನ ಬರೆದಿದ್ದ. ಹಾಲು ಕೊಡುತ್ತದೆ ಅಂತ ಸಹ ಬರೆದಿದ್ದ.

ಊಟದ ಬುತ್ತಿ ಬಿಚ್ಚಿದ ಮೇಲೆ ದೇವರು ಸಂಗಮೇಶನ ಕಡೆ ನೋಡಿದ. ರಸ್ತೆ ತುಂಬ ಗಾಡಿಗಳು ಬಸವನಹುಳುವಿನಂತೆ ತೆವಳುತ್ತಿದ್ದವು. ಬಿಸಿಲಿಗೆ ಮಾಸ್ತರು ನಿದ್ದೆ ಹೋದರು. ಶೆಫರ್ಡ್ಸ್ ಬುಷ್ಷಿನ ಸರ್ಕಲ್ಲಿನಲ್ಲಿ ಒಂದು ಎತ್ತರದ ಗಾಜಿನ ಗೋಪುರವಿತ್ತು. ಒಳಗೆ ನೀರು ಚಿಮ್ಮಿ ಹವಾ ಹೇಗಿದೆಯೆಂದು ತೋರಿಸುವ ಗೋಪುರ. ಅಡ್ಡ ಬರುವವರಿಲ್ಲ, ಸಂಗಮೇಶ ಹತ್ತು ನಿಮಿಷ ಅದರ ಕತೆ ಹೇಳಿದ. ಸ್ವಂತ ಕಿವಿಗೇ ಚೆಂದ ಕೇಳಿತು. ಹಿಂದೆ ಯಾರೋ ಆಕಳಿಸಿದರು. ಬಿಸಿಲಿಗಿರಬೇಕು. ರತ್ನವ್ವ ಮಾಸ್ತರ ಭುಜ ಅಲುಗಿಸಿ, “ಏಳ್ರೀ ಮಾಸ್ತರ, ಏನೋ ಬಂತು ನೋಡ್ರಿ,” ಅಂದರು. ಎಂಥ ಉಪಚಾರದ ಹೆಣ್ಣುಮಗಳು ಅಂದುಕೊಂಡ ಸಂಗಮೇಶ.

ಕೊನೆಯದು ಅವನ ಹುಕುಮಿನ ಎಲೆ. ಬೇಸ್‌ವಾಟರಿನ ಲೆನ್‌ಸ್ಟರ್ ಗಾರ್ಡನ್ಸ್, ಗೆರೆಯ ಹೊರಗೇ. ಬೀದಿಯುದ್ದಕ್ಕೂ ಐದಂತಸ್ತಿನ ಬಿಳಿ ಮಹಲುಗಳು, ಕಂಬ, ಬಾಲ್ಕನಿ. ಅದರಲ್ಲಿ ಎರಡು ಮನೆ ಬರೀ ಗೋಡೆ. ಹಿಂದೆ ಮನೆಯೇ ಇಲ್ಲ. ರೈಲು ಹಾಯಿಸಲು ಮನೆ ಕೆಡವಿದವರು, ಬೀದಿಯ ಅಂದ ಕೆಡಬಾರದೆಂದು ಮುಖವನ್ನಷ್ಟೇ ಕಟ್ಟಿ ನಿಲ್ಲಿಸಿದ್ದರು.

ಗುಟ್ಟನ್ನು ನಿಧಾನಕ್ಕೆ ಬಿಚ್ಚಬೇಕೆಂದು ಸಂಗಮೇಶ ಎಲ್ಲರನ್ನೂ ಎದುರಿನ ಫುಟ್‌ಪಾತಿನಲ್ಲಿ ಸಾಲಾಗಿ ನಿಲ್ಲಿಸುವಷ್ಟರಲ್ಲಿ ಒಬ್ಬರು ಕಡಿಮೆ. ಸಕ್ಕರೆ ಕಾಯಿಲೆಯ ರತ್ನವ್ವ ತಡೆಯಲಾರದೆ ರಸ್ತೆ ದಾಟಿ, ಅದೇ ಮನೆಯ ಮೆಟ್ಟಿಲೇರಿ ಬಾಗಿಲು ಬಡಿಯುತ್ತಿದ್ದರು.

“ಯಾರದೀರೆವಾ ಮನ್ಯಾಗ? ಬಾಗಲಾ ತಗೀರಿ, ಅರ್ಜಂಟ್ ಐತಿ!”

“ಅವ್ವಾರ, ಅದು ಮನಿ ಅಲ್ರೀ!” ಸಂಗಮೇಶ ಓಡಿದ.

“ಇಷ್ಟು ದೊಡ್ಡ ಮನಿ, ಒಂದು ಪಾಯಖಾನಿ ಇಲ್ಲಂದ್ರ ನಂಬಬೇಕಾ?” ಅಡಿವೆಪ್ಪನವರೂ ಬಂದು ಭುಜ ಕೊಟ್ಟು ಬಾಗಿಲು ದೂಡಿದರು. ಉಳಿದ ಹತ್ತು ಜನ ಹಿಂದಿನಿಂದ ಕೈ ಹಚ್ಚಿದರು. ಪಕ್ಕದ ಹೋಟೆಲಿನ ಜನ ಹೊರಬಂದು ಫೋಟೋ ತೆಗೆಯತೊಡಗಿದರು. ಹೋಟೆಲಿನ ಮ್ಯಾನೇಜರು ಪೊಲೀಸರಿಗೆ ಫೋನ್ ಮಾಡುತ್ತೇನೆಂದು ಕೂಗಿದ.

“ಒಳಗ ಏನೂ ಇಲ್ರೀ! ಹಿಂದ ಬಯಲೈತಿ, ರೈಲು ಓಡ್ತೈತಿ!” ಸಂಗಮೇಶ ಕಿರುಚಿದ.

“ಬಯಲಿದ್ರ ಇನ್ನೂ ಛಲೋ ಆತಲ್ಲೋ!” ಅಂದರು ಮಾಸ್ತರು. “ಆಕಿ ಹೊಂಟದ್ದು ಬಯಲಕಡೀಗೇ. ಆದ್ರ ರತ್ನವ್ವಾರ, ನಡಬರಕ ರೈಲು ಬರ್ತೈತಿ, ಹುಷಾರು! ಮುಂದ ಕಂಬ, ಕಿಡಕಿ, ಠೀವಿ. ತಗದು ನೋಡಿದ್ರ ಒಳಗ ಖಾಲಿ. ಇದನ್ನ ನೋಡಾಕ ಇಷ್ಟು ದೂರ ಬರಬೇಕಾಗಿತ್ತ? ಸಂಗ್ಯಾನ ತಲಿ ನೋಡಿದ್ರ ಆಗ್ತಿತ್ತು!”

ಬೀದಿ ಬಿದ್ದು ಬಿದ್ದು ನಕ್ಕಿತು. ಕನ್ನಡ ಬಾರದ ಹೋಟೆಲಿನವರೂ ನಕ್ಕರು. ಸಂಗಮೇಶ ಮ್ಯಾನೇಜರನಿಗೆ ಕೈಮುಗಿದು, ಸಾರಿ ಸಾರಿ ಅಂತ ಇಪ್ಪತ್ತು ಸಲ ಹೇಳಿ, ರತ್ನವ್ವನನ್ನು ಅವರ ಹೋಟೆಲಿನ ಪಾಯಖಾನೆಗೆ ಬಿಡಿಸಿದ.

ಕೆಲಸ ಕೈಬಿಟ್ಟಿತು ಅಂದುಕೊಂಡೇ ಅವನು ಸಂಜೆ ಆಫೀಸಿನ ಮೆಟ್ಟಿಲು ಹತ್ತಿದ್ದು. ಆದರೆ ಅಡಿವೆಪ್ಪನವರು ಉಮಾಶಂಕರನ ಕೈ ಕುಲುಕುತ್ತಿದ್ದರು.

“ಜಲ್ಮದಾಗ ಇಷ್ಟು ನಕ್ಕಿದ್ದಿಲ್ರೀ! ನಾಳೆ ಅರಮನಿ ಬ್ಯಾಡ, ಇವರ ಕೂಡನ ಕಳಸ್ರಿ. ನನ್ನ ತಮ್ಮನ ಕಡಿಯವ್ರು ಮುಂದಿನ ತಿಂಗಳ ಇಪ್ಪತ್ತು ಮಂದಿ ಬರ್ತಾರ, ಅವರಿಗೂ ಇದ ಬೇಕು.”

ಉಮಾಶಂಕರ ಸಂಗಮೇಶನ ಬೆನ್ನು ತಟ್ಟಿದ. “ಕೆಲಸ ನಿಂದೇ ಕಣಯ್ಯ. ಪರ್ಮನೆಂಟು!”

ಸಂಗಮೇಶನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ಖರೆ ಹೇಳ್ರಿ,” ಅಡಿವೆಪ್ಪನವರು ಅವನ ಕಿವಿಯ ಹತ್ತಿರ ಬಗ್ಗಿದರು, “ನೀವಿಬ್ರೂ ಎಷ್ಟ ದಿನ ತಾಲೀಮು ಮಾಡೀರಿ? ನಮ್ಮ ಸಣ್ಣಾಟದ ಹಾಸ್ಯಗಾರರೂ ಇಷ್ಟು ಛಂದ ಮಾಡಂಗಿಲ್ಲ. ಮಾಸ್ತರ ಮಾತಂತೂ ಬಿಡ್ರಿ. ಆದ್ರ ನಿಮಗ ಬೈಸಿಕೊಳ್ಳಾಕಂತನ ದೇವರು ಮಾರಿ ಕೊಟ್ಟಾನ ನೋಡ್ರಿ!”

“ಅದಕ್ಕೇ ಇಬ್ರನ್ನೂ ಒಟ್ಟಿಗೆ ಇಟ್ಕೊಂಡಿದೀನಿ,” ಅಂದ ಉಮಾಶಂಕರ. “ನೀನು ತೋರ್ಸೋದು, ಮಾಸ್ತರು ನಿನ್ನ ಬೈಯೋದು. ಒಂದೊಂದು ಜಾಗಕ್ಕೆ ಕಮ್ಮಿ ಅಂದ್ರೂ ಎರಡು ಬೈಗುಳ. ಬೈಗುಳ ತೆಗೆದ್ರೆ ಉಳಿಯೋದು ಬರೀ ಕಲ್ಲು, ಗೋಡೆ. ಸಂಬಳ ಮಾತ್ರ ಮಾಸ್ತರಿಗೆ ಒಂಚೂರು ಜಾಸ್ತಿ, ಬೇಜಾರು ಮಾಡ್ಕೋಬೇಡ. ಐಟಮ್ಮು ಅವರದಲ್ವಾ.”

ಮೂಲೆಯ ಕುರ್ಚಿಯಲ್ಲಿ ಮಾಸ್ತರು ಹೊಸ ಡೈರಿಯೊಂದನ್ನು ತೆರೆದು, ಪೆನ್ನು ಜಾಡಿಸಿ ಕೂತಿದ್ದರು. ಮುಖದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದ ಕಳೆ.

“ಬೆಳಿಗ್ಗೆ ಒಂಬತ್ತಕ್ಕ ಬಾ ಸಂಗ್ಯಾ. ಹೊಸಾ ಬೈಗಳ ಬರಕೊಂಡು ಬರ್ತೀನಿ. ನಿಮ್ಮಪ್ಪನ ಬಗ್ಗೆ ಎರಡು ಸೇರಿಸ್ಲಿ? ಏನಂತಿ?”

ಹನ್ನೆರಡು ಜನ ಉಸಿರು ಹಿಡಿದು ಅವನ ಬಾಯನ್ನೇ ನೋಡುತ್ತಿದ್ದರು.

ಸಂಗಮೇಶ ಕೊಡೆಯನ್ನು ಮೇಜಿನ ಮೇಲಿಟ್ಟ. ತಿರುಗಿ ಬಾಗಿಲ ಕಡೆ ನಡೆದ.

“ನೋಡ್ರಿ, ನೋಡ್ರಿ!” ಹಿಂದೆ ರತ್ನವ್ವನ ದನಿ ಕೇಳಿತು. “ಸಿಟ್ಟಾಗಿ ಹೋಗೋದನ್ನೂ ಎಷ್ಟು ಛಂದ ಮಾಡ್ತಾನ!”

ಚಪ್ಪಾಳೆ ಬಿತ್ತು. ಸಂಗಮೇಶ ಮೆಟ್ಟಿಲಿಳಿಯುತ್ತ ಹೋದ.